ಬಿಎಂಎಸ್ ಪದೇ ಪದೇ ಚಾರ್ಜ್ ಕಟ್ ಮಾಡಿದರೆ ಏನರ್ಥ?

ರಿಪೇರಿಗೆ ಬರುವ ಲಿಥಿಯಂ ಅಯಾನ್ ಪ್ಯಾಕ್‌ಗಳ ಜೊತೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ. "ಚಾರ್ಜ್ ಫುಲ್ ಆಗೋ ಮೊದಲೇ ಕಟ್ ಆಗುತ್ತೆ. ಬಿಎಂಎಸ್ ಹೋಗಿದೆ, ಬೇರೆ ಹಾಕಿಕೊಡಿ." ಬಿಎಂಎಸ್ ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಪ್ಯಾಕಿನ ಸೆಲ್‌ಗಳನ್ನು ಕಾಯುವ ಬೋರ್ಡ್. ಬಹಳ ಸಲ ಆ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಯಾವುದೋ ಒಂದು ಸೆಲ್ ಮಿತಿ ದಾಟಿದ್ದಕ್ಕೇ ಅದು ಚಾರ್ಜ್ ನಿಲ್ಲಿಸಿರುತ್ತದೆ. ಇದನ್ನು ಕಿರಿಕಿರಿ ಎಂದುಕೊಂಡು ಬೋರ್ಡನ್ನೇ ಬೈಪಾಸ್ ಮಾಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

13 ಸೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದ 48 ವೋಲ್ಟ್ ಪ್ಯಾಕ್ ತೆಗೆದುಕೊಳ್ಳಿ. ಒಂದು ಸೆಲ್ಲಿಗೆ 4.2 ವೋಲ್ಟ್ ಅಂದರೆ ಚಾರ್ಜರ್ 54.6 ವೋಲ್ಟ್‌ನದು. ಚಾರ್ಜರಿಗೆ ಕಾಣುವುದು ಈ ಒಟ್ಟು ವೋಲ್ಟೇಜ್ ಮಾತ್ರ. 12 ಸೆಲ್‌ಗಳು 4.18ರಲ್ಲಿವೆ, ಒಂದು 4.44ಕ್ಕೆ ಏರಿದೆ ಅಂದುಕೊಳ್ಳಿ. ಕೂಡಿಸಿ ನೋಡಿ, ಸರಿಯಾಗಿ 54.6! ಚಾರ್ಜರ್ ಹಸಿರು ದೀಪ ತೋರಿಸುತ್ತದೆ. ಆ ಒಂದು ಸೆಲ್ಲಿನ ಒಳಗೆ ಮಾತ್ರ ಆನೋಡ್ ಮೇಲೆ ಲಿಥಿಯಂ ಲೋಹವಾಗಿಯೇ ಕೂರತೊಡಗುತ್ತದೆ. ಎಲೆಕ್ಟ್ರೋಲೈಟ್ ಒಡೆದು ಗ್ಯಾಸ್ ಆಗುತ್ತದೆ. ಇನ್ನೂ ಏರಿದರೆ ಕ್ಯಾಥೋಡ್ ಕುಸಿದು ಆಮ್ಲಜನಕ ಬಿಡುತ್ತದೆ. ಅಲ್ಲಿಂದ ಮುಂದೆ ಚಾರ್ಜರ್ ತೆಗೆದರೂ ಬಿಸಿ ತಾನಾಗಿಯೇ ಏರುತ್ತಾ ಹೋಗಬಹುದು.

ಓವರ್‌ವೋಲ್ಟೇಜ್ ಪ್ರೊಟೆಕ್ಷನ್ ಇರುವುದು ಇದಕ್ಕೇ. ಬಿಎಂಎಸ್ ಒಂದೊಂದು ಸೆಲ್ಲಿಗೂ ತಂತಿ ಕೊಟ್ಟು ಬೇರೆ ಬೇರೆಯಾಗಿ ನೋಡುತ್ತದೆ. ಯಾವುದೇ ಒಂದು ಸೆಲ್ 4.25ರಿಂದ 4.30 ದಾಟಿ ಸೆಕೆಂಡಿನಷ್ಟು ಹೊತ್ತು ಅಲ್ಲೇ ನಿಂತರೂ ಚಾರ್ಜ್ ಮಾಸ್ಫೆಟ್, ಅಂದರೆ ಚಾರ್ಜ್ ಕರೆಂಟನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್, ಆಫ್ ಆಗುತ್ತದೆ. ಆದರೆ ಇದು ಕೊನೆಯ ಕಾವಲು. ದಿನಾ ಚಾರ್ಜ್ ನಿಲ್ಲಿಸುವ ಕೆಲಸ ಚಾರ್ಜರಿನದು. ಮಾಸ್ಫೆಟ್ ಕೆಡುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಹಾಗಾದ ಮೇಲೆ ಬೋರ್ಡಿನ ಚಿಪ್ (ಐಸಿ) ಎಷ್ಟು ಆಫ್ ಮಾಡಿದರೂ ಕರೆಂಟ್ ಹೋಗುತ್ತಲೇ ಇರುತ್ತದೆ. ಅದಕ್ಕೇ ಒಳ್ಳೆಯ ಪ್ಯಾಕ್‌ಗಳಲ್ಲಿ ಫ್ಯೂಸ್ ಸುಟ್ಟು ಲೈನ್ ಕಡಿಯುವ ಎರಡನೇ ಪ್ರೊಟೆಕ್ಷನ್ ಬೇರೆಯಾಗಿ ಇರುತ್ತದೆ.

ಸೆಲ್‌ಗಳು ಏರುಪೇರಾಗದಂತೆ ನೋಡಿಕೊಳ್ಳುವುದು ಬ್ಯಾಲೆನ್ಸಿಂಗ್. ಸಾಮಾನ್ಯ ಬೋರ್ಡ್‌ಗಳಲ್ಲಿ ಪ್ರತಿ ಸೆಲ್ಲಿಗೆ ಒಂದು ರೆಸಿಸ್ಟರ್ ಇರುತ್ತದೆ. ಸೆಲ್ ಮೇಲ್ಮಿತಿಯ ಹತ್ತಿರ ಬಂದಾಗ ಜಾಸ್ತಿಯಾದ ಚಾರ್ಜನ್ನು ಅದು ಬಿಸಿಯಾಗಿ ಕಳೆಯುತ್ತದೆ. 100 ಓಮ್ ರೆಸಿಸ್ಟರ್ ಆದರೆ 4.2 ವೋಲ್ಟ್‌ಗೆ ಹರಿಯುವುದು ಬರೀ 42 ಮಿಲಿಆಂಪ್. ಒಂದು ಸೆಲ್ 500 ಮಿಲಿಆಂಪ್ ಅವರ್ ಹಿಂದಿದ್ದರೆ, ಉಳಿದವುಗಳಿಂದ ಅಷ್ಟನ್ನು ಕಳೆಯಲು ಸುಮಾರು 12 ಗಂಟೆ ಬೇಕು. ನಾವು ಹಸಿರು ದೀಪ ಬಂದ ಕೂಡಲೇ ಪ್ಲಗ್ ಕೀಳುತ್ತೇವೆ, ಅಲ್ವಾ? ಬ್ಯಾಲೆನ್ಸಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಯಾವಾಗಲೂ 80 ಪರ್ಸೆಂಟ್‌ಗೆ ನಿಲ್ಲಿಸುವುದು ಸೆಲ್ಲಿನ ಆಯಸ್ಸಿಗೆ ಒಳ್ಳೆಯದೇ. ಆದರೆ ಇಂಥ ಬೋರ್ಡ್ ಇದ್ದರೆ ಬ್ಯಾಲೆನ್ಸಿಂಗ್ ಶುರುವೇ ಆಗುವುದಿಲ್ಲ. ಆಗಾಗ ಒಮ್ಮೆ, ಎದುರಿಗೆ ಇದ್ದುಕೊಂಡೇ, ಫುಲ್ ಚಾರ್ಜ್‌ಗೆ ಬಿಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್‌ಗಳಿಗೆ ಇದು ಇನ್ನೂ ಮುಖ್ಯ. ಅವುಗಳ ವೋಲ್ಟೇಜ್ ನಡುವೆ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. 3.4 ದಾಟಿ 3.65ರ ಮಿತಿಯ ಕಡೆ ಏರುವಾಗಲಷ್ಟೇ ಯಾವ ಸೆಲ್ ಮುಂದಿದೆ ಅಂತ ಗೊತ್ತಾಗುವುದು.

ಈಗ ನಿಮ್ಮ ಮುಂದೆ ಚಾರ್ಜ್ ಕಟ್ ಆಗುವ ಪ್ಯಾಕ್ ಇದೆ. ಮಲ್ಟಿಮೀಟರ್ ತೆಗೆದುಕೊಳ್ಳಿ. ಸೆಲ್‌ಗಳ ತಂತಿಗಳು ಬೋರ್ಡಿಗೆ ಸೇರುವ ಬ್ಯಾಲೆನ್ಸ್ ಕನೆಕ್ಟರ್‌ನಲ್ಲಿ ಅಕ್ಕಪಕ್ಕದ ಎರಡು ಪಿನ್‌ಗಳ ನಡುವೆ ಒಂದು ಸೆಲ್ಲಿನ ವೋಲ್ಟೇಜ್ ಸಿಗುತ್ತದೆ. ಪ್ರೋಬ್ ಜಾರಿ ಎರಡೂ ಪಿನ್ ತಾಗಿದರೆ ನೇರ ಶಾರ್ಟ್. ಹಾಗಾಗಿ ತುದಿಯ ಒಂದೆರಡು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಳ್ಳಿ. ಮೊದಲು ಕನೆಕ್ಟರಿನ ತಂತಿಗಳನ್ನು ಅಲುಗಾಡಿಸಿ ನೋಡಿ. ಒಂದು ತಂತಿ ಸಡಿಲವಾಗಿದ್ದರೆ ಬೋರ್ಡ್‌ಗೆ ಸುಳ್ಳು ವೋಲ್ಟೇಜ್ ಹೋಗುತ್ತದೆ.

ಅಳತೆ ಎರಡು ಸಲ ಬೇಕು. ಚಾರ್ಜ್ ಕಟ್ ಆದ ಮೇಲೆ ಒಮ್ಮೆ, ಪ್ಯಾಕ್ ಬಳಸಿ ಹೆಚ್ಚುಕಡಿಮೆ ಖಾಲಿಯಾದ ಮೇಲೆ ಇನ್ನೊಮ್ಮೆ. ಒಂದೇ ಸಲ ಅಳೆದು ತೀರ್ಮಾನ ಮಾಡುವುದರಿಂದಲೇ ಎಷ್ಟೋ ಒಳ್ಳೆಯ ಸೆಲ್‌ಗಳು ಸುಮ್ನೆ ಕಸಕ್ಕೆ ಹೋಗುತ್ತವೆ. ಒಂದು ಸೆಲ್ ಎರಡು ಸಲವೂ ಉಳಿದವಕ್ಕಿಂತ ಕೆಳಗಿದೆ, ಅಥವಾ ಎರಡು ಸಲವೂ ಮೇಲಿದೆ ಅಂದರೆ ಅದು ಬರೀ ಚಾರ್ಜಿನ ವ್ಯತ್ಯಾಸ. ಬ್ಯಾಲೆನ್ಸಿಂಗ್‌ನಿಂದ ಸರಿಹೋಗುತ್ತದೆ. ಚಾರ್ಜ್ ಆದಾಗ ಎಲ್ಲಕ್ಕಿಂತ ಮೇಲೆ, ಖಾಲಿಯಾದಾಗ ಎಲ್ಲಕ್ಕಿಂತ ಕೆಳಗೆ ಇರುವ ಸೆಲ್ ಬೇರೆ ಕಥೆ. ಅದರ ಸಾಮರ್ಥ್ಯವೇ ಕುಗ್ಗಿದೆ. ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಎಷ್ಟು ಬ್ಯಾಲೆನ್ಸ್ ಮಾಡಿದರೂ ಕಳೆದುಹೋದ ಸಾಮರ್ಥ್ಯ ಮರಳುವುದಿಲ್ಲ. ಆ ಸೆಲ್, ಪ್ಯಾರಲಲ್ ಗುಂಪಾದರೆ ಆ ಇಡೀ ಗುಂಪು, ಬದಲಾಗಬೇಕು. ಹೊಸದನ್ನು ವೆಲ್ಡ್ ಮಾಡುವ ಮೊದಲು ಅದರ ಚಾರ್ಜನ್ನು ಉಳಿದವುಗಳ ಮಟ್ಟಕ್ಕೆ ತನ್ನಿ.

ಹಿಂದುಳಿದ ಸೆಲ್ಲನ್ನು ಒಂದೇ ಸೆಲ್ಲಿನ 4.2 ವೋಲ್ಟ್ (ಎಲ್‌ಎಫ್‌ಪಿ ಆದರೆ 3.65 ವೋಲ್ಟ್) ಚಾರ್ಜರಿನಿಂದ ತುಂಬಿಸಿದರೆ ಕೆಲಸ ಬೇಗ ಆಗುತ್ತದೆ. ಆದರೆ 2 ವೋಲ್ಟ್‌ಗಿಂತ ಕೆಳಗೆ ಹೋಗಿ ಹಾಗೇ ಉಳಿದಿದ್ದ ಸೆಲ್ಲಿಗೆ ಮತ್ತೆ ಚಾರ್ಜ್ ಕೊಡಬೇಡಿ. ಒಳಗಿನ ತಾಮ್ರದ ಹಾಳೆ ಕರಗಿ, ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಸಮ ಮಾಡಿದ ಪ್ಯಾಕನ್ನು ಕೆಲವು ವಾರ ಬಿಟ್ಟು ಮತ್ತೆ ಅಳೆಯಿರಿ. ಅದೇ ಸೆಲ್ ಮತ್ತೆ ಕೆಳಗೆ ಬಂದಿದ್ದರೆ ಅದು ಒಳಗೊಳಗೇ ಸೋರುತ್ತಿದೆ. ಎರಡನೇ ಸಲ ಬ್ಯಾಲೆನ್ಸ್ ಮಾಡುತ್ತಾ ಕೂರದೆ ತೆಗೆದುಹಾಕಿ.