ಇಡಾ ಲುಪಿನೊ ನಿರ್ದೇಶನ ಬಿಟ್ಟಿದ್ದರೇ?

ಹಾಲಿವುಡ್‌ನ ನಿರ್ದೇಶಕಿಯರ ಮಾತು ಬಂದಾಗ ಇಡಾ ಲುಪಿನೊ ಬಗ್ಗೆ ಎರಡು ವಾದಗಳು ಕೇಳಿಬರುತ್ತವೆ. ಬೆರಳೆಣಿಕೆಯ ಚಿತ್ರ ಮಾಡಿ 1953ರ ಹೊತ್ತಿಗೆ ಮರೆಯಾದರು ಎನ್ನುವುದು ಒಂದು. ಆಮೇಲೆಯೂ ಬಿಡುವಿಲ್ಲದೆ ನಿರ್ದೇಶಿಸಿದರು ಎನ್ನುವುದು ಇನ್ನೊಂದು. ಒಬ್ಬರು ಚಿತ್ರಮಂದಿರವನ್ನು ಲೆಕ್ಕ ಹಾಕುತ್ತಾರೆ, ಇನ್ನೊಬ್ಬರು ಟೆಲಿವಿಷನ್ನನ್ನು.

1918ರಲ್ಲಿ ಲಂಡನ್ನಿನ ಕಲಾವಿದರ ಮನೆತನದಲ್ಲಿ ಹುಟ್ಟಿದ ಲುಪಿನೊ ಹದಿಹರೆಯದಲ್ಲೇ ಹಾಲಿವುಡ್ ಸೇರಿ, ಮುಂದೆ ವಾರ್ನರ್ ಬ್ರದರ್ಸ್‌ನ ತಾರೆಯಾದರು. ಒಗ್ಗದ ಪಾತ್ರಗಳನ್ನು ನಿರಾಕರಿಸಿ ಅಮಾನತಿನಲ್ಲಿದ್ದಾಗ ಸೆಟ್‌ಗಳಲ್ಲಿ ನಿಂತು ನಿರ್ದೇಶನದ ಕೆಲಸ ಗಮನಿಸಿದರು.

ದೊಡ್ಡ ಸ್ಟುಡಿಯೊಗಳು ಚಿತ್ರಮಂದಿರಗಳನ್ನು ಕಟ್ಟಿಕೊಂಡು ಮಾರುಕಟ್ಟೆ ಆಳುವುದಕ್ಕೆ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಡೆ ಹಾಕಿತು. ಸಣ್ಣ ನಿರ್ಮಾಪಕರಿಗೆ ಜಾಗ ಸಿಕ್ಕ ಕಾಲ ಅದು. ಪತಿ ಕಾಲಿಯರ್ ಯಂಗ್ ಜೊತೆ ಲುಪಿನೊ ಸ್ವಂತ ಸಂಸ್ಥೆ ಕಟ್ಟಿದರು. 1949ರ 'ನಾಟ್ ವಾಂಟೆಡ್' ಚಿತ್ರದ ನಿರ್ದೇಶಕ ಎಲ್ಮರ್ ಕ್ಲಿಫ್ಟನ್ ಅವರಿಗೆ ಹೃದಯಾಘಾತವಾದಾಗ ಕೆಲಸ ಇವರ ಹೆಗಲಿಗೆ ಬಂತು. ಪರದೆಯ ಮೇಲೆ ನಿರ್ದೇಶಕರಾಗಿ ಉಳಿದದ್ದು ಕ್ಲಿಫ್ಟನ್ ಹೆಸರು.

ಮುಂದಿನ ನಾಲ್ಕು ವರ್ಷಗಳಷ್ಟು ದಿಟ್ಟ ಕಾಲ ಅವರ ಬದುಕಿನಲ್ಲಿ ಮತ್ತೆ ಬರಲಿಲ್ಲ. ಮದುವೆಯಾಗದ ತಾಯಿಯ ಕಥೆಯಾದ 'ನಾಟ್ ವಾಂಟೆಡ್' ಬೆನ್ನಿಗೆ ಪೋಲಿಯೊ ಪೀಡಿತ ನರ್ತಕಿಯ ಕಥೆ. ಲುಪಿನೊ ಅವರಿಗೂ 1934ರಲ್ಲಿ ಪೋಲಿಯೊ ತಗಲಿತ್ತು. 1950ರ 'ಔಟ್‌ರೇಜ್' ಅತ್ಯಾಚಾರಕ್ಕೆ ಒಳಗಾದ ಹುಡುಗಿಯದು. ಸೆನ್ಸಾರ್ ಸಂಹಿತೆಯಿಂದಾಗಿ ಆ ಪದವನ್ನೇ ಚಿತ್ರದಲ್ಲಿ ಉಚ್ಚರಿಸುವಂತಿರಲಿಲ್ಲ. ಆದರೂ ಕ್ಯಾಮೆರಾ ಹುಡುಗಿಯ ಪಕ್ಕ ಬಿಟ್ಟು ಕದಲುವುದಿಲ್ಲ. ಕಚೇರಿಗೆ ಮರಳಿದ ಅವಳಿಗೆ ಸಹೋದ್ಯೋಗಿಗಳ ನೋಟ, ಕಾಗದದ ಮೇಲೆ ಬೀಳುವ ಮುದ್ರೆಯ ಸದ್ದು ಎಲ್ಲವೂ ಹಿಂಸೆಯಾಗುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೀಗೆ ಕಿವಿಗೆ ತಲುಪಿಸಿದ್ದು ದೊಡ್ಡ ಪ್ರತಿಭೆ. 1953ರಲ್ಲಿ 'ದ ಹಿಚ್-ಹೈಕರ್' ಮತ್ತು 'ದ ಬಿಗಮಿಸ್ಟ್' ಎರಡೂ ಬಂದವು. ಎರಡನೆಯದರಲ್ಲಿ ನಿರ್ದೇಶನದ ಜೊತೆ ನಟನೆಯೂ ಅವರದೇ.

ಆಮೇಲೆ ಸಂಸ್ಥೆ ವಿತರಣೆಗೂ ಕೈಹಾಕಿತು. ಆ ಹೊರೆ ತಾಳದೆ 1950ರ ದಶಕದ ಮಧ್ಯದಲ್ಲಿ ಮುಚ್ಚಿತು.

ಲುಪಿನೊ ಮನೆಯಲ್ಲಿ ಕೂರಲಿಲ್ಲ. 'ಹ್ಯಾವ್ ಗನ್, ವಿಲ್ ಟ್ರಾವೆಲ್', 'ಥ್ರಿಲ್ಲರ್', 'ದ ಅನ್‌ಟಚಬಲ್ಸ್' ಧಾರಾವಾಹಿಗಳ ಕಂತುಗಳನ್ನು ನಿರ್ದೇಶಿಸಿದರು. ಮೂಲ 'ದ ಟ್ವಿಲೈಟ್ ಝೋನ್' ಸರಣಿಯ 156 ಕಂತುಗಳಲ್ಲಿ ಮಹಿಳೆಯೊಬ್ಬರು ನಿರ್ದೇಶಿಸಿದ್ದು ಒಂದೇ, 1964ರ 'ದ ಮಾಸ್ಕ್ಸ್', ಅದು ಇವರದು. ಇದನ್ನು ಇಳಿಗಾಲ ಎನ್ನುವುದು ಅನ್ಯಾಯ. ಆದರೆ ಧಾರಾವಾಹಿಯಲ್ಲಿ ಕಥೆ, ಪಾತ್ರವರ್ಗ, ಧಾಟಿ ಎಲ್ಲವೂ ನಿರ್ದೇಶಕರು ಬರುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತಿದ್ದವು. ಲುಪಿನೊ ಕಳೆದುಕೊಂಡದ್ದು ಕೆಲಸವನ್ನಲ್ಲ, ವಸ್ತುವನ್ನು ತಾವೇ ಆರಿಸುವ ಹಕ್ಕನ್ನು.

1966ರಲ್ಲಿ ಮತ್ತೊಂದು ಚಲನಚಿತ್ರ ಸಿಕ್ಕಿತು, ಕಾನ್ವೆಂಟ್ ಶಾಲೆಯ ತುಂಟ ಹುಡುಗಿಯರ ಹಾಸ್ಯಚಿತ್ರ 'ದ ಟ್ರಬಲ್ ವಿತ್ ಏಂಜೆಲ್ಸ್'. ಅದೇ ಕೊನೆಯದು. 1995ರಲ್ಲಿ ಅವರು ತೀರಿಕೊಂಡರು. ಮೂರು ವರ್ಷಗಳ ನಂತರ 'ದ ಹಿಚ್-ಹೈಕರ್' ಕಾಪಾಡಿಕೊಳ್ಳಬೇಕಾದ ಚಿತ್ರಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಿತು. ಟೆಲಿವಿಷನ್ ಕಂತುಗಳನ್ನು ಮಾತ್ರ ಇಂದಿಗೂ ಬಹುಪಾಲು ಆಯಾ ಧಾರಾವಾಹಿಯ ಹೆಸರಿನಲ್ಲೇ ಹುಡುಕಬೇಕು.