ಹೊಟ್ಟೆ ಸರಿಹೋಯಿತು, ಕಾಲಿನ ಜೋಮು ಏಕೆ ಹೋಗಿಲ್ಲ?

ಪ್ರಶ್ನೆ: ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ನನಗಿದೆ ಎಂದು ಗೊತ್ತಾದ ದಿನದಿಂದ ಗ್ಲುಟೆನ್ ಬಿಟ್ಟಿದ್ದೇನೆ. ಎಂಟು ತಿಂಗಳಾಯಿತು. ಭೇದಿ, ಹೊಟ್ಟೆಯುಬ್ಬರ ಎರಡೂ ನಿಂತಿವೆ, ತೂಕವೂ ಏರಿದೆ. ಆದರೆ ಪಾದಗಳ ಉರಿ ಮತ್ತು ಜೋಮು ಹಾಗೆಯೇ ಇವೆ. ನಡೆಯುವಾಗ ಒಂದು ಕಡೆಗೆ ವಾಲುತ್ತೇನೆ. ಕೆಲವು ದಿನ ತಲೆಗೆ ಮಂಜು ಕವಿದಂತಿರುತ್ತದೆ. ಇದಕ್ಕೂ ಗ್ಲುಟೆನ್‌ಗೂ ಸಂಬಂಧವಿದೆಯೇ? ಇದ್ದರೆ ಇಷ್ಟು ದಿನವಾದರೂ ಏಕೆ ವಾಸಿಯಾಗಿಲ್ಲ?

ಉತ್ತರ: ಸಂಬಂಧವಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಎಂಟು ತಿಂಗಳು ಕರುಳಿಗೆ ದೊಡ್ಡ ಅವಧಿ, ನರಕ್ಕೆ ಅಲ್ಲ. ಸಣ್ಣ ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತವೆ. ಹಾನಿ ಮಾಡುವ ವಸ್ತುವನ್ನು ನಿಲ್ಲಿಸಿದರೆ ದುರಸ್ತಿಗೆ ಬೇಕಾದ ಕೆಲಸಗಾರರು ಅಲ್ಲೇ ಇದ್ದಾರೆ. ನರದ ಕಥೆ ಬೇರೆ. ನಿಮ್ಮ ಹೆಬ್ಬೆರಳಿನ ಸ್ಪರ್ಶವನ್ನು ಹೊತ್ತು ತರುವ ನರಕೋಶದ ಒಡಲು ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಬೆರಳಿನ ತುದಿಗೆ ಸುಮಾರು ಒಂದು ಮೀಟರ್ ಉದ್ದದ ಒಂದೇ ತಂತು. ಹಾಳಾದ ತಂತು ಮತ್ತೆ ಬೆಳೆಯುವುದು, ಎಲ್ಲವೂ ಅನುಕೂಲವಾಗಿದ್ದರೂ, ದಿನಕ್ಕೆ ಸುಮಾರು 1 ಮಿಲಿಮೀಟರ್. ಎಂಟು ತಿಂಗಳಿಗೆ 24 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಅದೂ ಕಾಗದದ ಮೇಲಿನ ಲೆಕ್ಕ. ಕಾಯಿಲೆಯಿಂದ ಬಸವಳಿದ ನರ ಇದಕ್ಕಿಂತ ನಿಧಾನವಾಗಿಯೇ ಸಾಗುತ್ತದೆ.

ಕರುಳಿನ ಕಾಯಿಲೆಗೆ ನರವೇಕೆ ಬಲಿಯಾಗಬೇಕು ಎಂಬುದು ವೈದ್ಯರನ್ನೂ ಬಹುಕಾಲ ಕಾಡಿದ ಪ್ರಶ್ನೆ. 1966ರಲ್ಲಿ ಬ್ರಿಟನ್ನಿನ ಕುಕ್ ಮತ್ತು ಸ್ಮಿತ್ ಎಂಬ ವೈದ್ಯರು, ಸೀಲಿಯಾಕ್ ಕಾಯಿಲೆಯ ಜೊತೆಗೆ ನರದ ತೊಂದರೆಯೂ ಇದ್ದ 16 ಮಂದಿಯ ವಿವರವನ್ನು ಪ್ರಕಟಿಸಿದರು. ಕರುಳು ಪೋಷಕಾಂಶ ಹೀರಿಕೊಳ್ಳದೆ ನರ ಸೊರಗುತ್ತದೆ ಎಂಬ ವಿವರಣೆ ಆಗ ಸಹಜವಾಗಿ ತೋರುತ್ತಿತ್ತು. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಶೆಫೀಲ್ಡ್‌ನ ನರರೋಗ ತಜ್ಞ ಮಾರಿಯೋಸ್ ಹಾಜಿವಾಸಿಲಿಯು ಮತ್ತು ಸಂಗಡಿಗರು ಅದೇ ದಾರಿಯನ್ನು ಇನ್ನೊಂದು ತುದಿಯಿಂದ ನಡೆದುನೋಡಿದರು. ಕಾರಣವೇ ಸಿಗದ ನರದ ಕಾಯಿಲೆ ಇರುವವರ ರಕ್ತದಲ್ಲಿ ಗ್ಲುಟೆನ್ ವಿರುದ್ಧದ ಪ್ರತಿಕಾಯಗಳಿಗಾಗಿ ಹುಡುಕಿದರು. ಅವು ನಿರೀಕ್ಷೆಗಿಂತ ಬಹಳ ಹೆಚ್ಚು ಮಂದಿಯಲ್ಲಿ ಸಿಕ್ಕವು. ಅವರಲ್ಲಿ ಹಲವರ ಕರುಳಿನಲ್ಲಿ ಏನೇನೂ ಹಾನಿಯಿರಲಿಲ್ಲ. ಗ್ಲುಟೆನ್‌ನಿಂದ ನಡಿಗೆಯ ಆಯ ತಪ್ಪುವ ಈ ಸ್ಥಿತಿಗೆ ಗ್ಲುಟೆನ್ ಅಟಾಕ್ಸಿಯಾ ಎಂಬ ಹೆಸರು ಬಂತು. ಸಾಮಾನ್ಯವಾಗಿ ಐವತ್ತರ ಆಸುಪಾಸಿನಲ್ಲಿ ಶುರುವಾಗುವ ಈ ತೊಂದರೆಯಲ್ಲಿ ಹೊಟ್ಟೆಯ ಬಗ್ಗೆ ದೂರುವವರು ಹತ್ತರಲ್ಲಿ ಒಬ್ಬರೂ ಇಲ್ಲ. ನಿಮ್ಮ ಹೊಟ್ಟೆ ಕೈಕೊಟ್ಟದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅದಿಲ್ಲದಿದ್ದರೆ ಯಾರೂ ಗ್ಲುಟೆನ್ ಕಡೆಗೆ ನೋಡುತ್ತಿರಲಿಲ್ಲವೇನೋ.

ಒಳಗೆ ನಡೆಯುವುದಿಷ್ಟು. ಗ್ಲುಟೆನ್‌ನ ಗ್ಲಿಯಾಡಿನ್ ಎಂಬ ಭಾಗವನ್ನು ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ತುಸು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ತುಣುಕನ್ನು, ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವ ಕೆಲವರ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಿಳಿಯುತ್ತದೆ. ಅಷ್ಟಕ್ಕೇ ನಿಲ್ಲದೆ ಆ ಕಿಣ್ವದ ಮೇಲೂ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಕಿಣ್ವಕ್ಕೆ ಅಣ್ಣತಮ್ಮಂದಿರಿದ್ದಾರೆ. ಕರುಳಿನ ಕಾಯಿಲೆಯಲ್ಲಿ ಗುರಿಯಾಗುವುದು ಎರಡನೆಯ ಬಗೆ, ಗ್ಲುಟೆನ್‌ನಿಂದ ಬರುವ ಚರ್ಮದ ಗುಳ್ಳೆಗಳಲ್ಲಿ ಮೂರನೆಯದು, ನರಮಂಡಲದ ತೊಂದರೆಯಲ್ಲಿ ಆರನೆಯದು. ಆರನೆಯ ಬಗೆಯ ಮೇಲಿನ ಪ್ರತಿಕಾಯವೇ ಹಾನಿ ಮಾಡುತ್ತದೆಯೇ, ಅಥವಾ ಅದು ಹಾನಿಯಾದದ್ದರ ಗುರುತು ಮಾತ್ರವೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಕಿರುಮೆದುಳಿನ ಪರ್ಕಿಂಜೆ ಕೋಶಗಳು ಕಡಿಮೆಯಾಗುತ್ತವೆ ಎಂಬುದಂತೂ ಸ್ಪಷ್ಟ. ಹೆಜ್ಜೆಯ ಅಳತೆ, ಕೈಯ ಗುರಿ, ಮಾತಿನ ಲಯ ಎಲ್ಲವನ್ನೂ ತಿದ್ದಿ ಹದಗೊಳಿಸುವ ಕೋಶಗಳಿವು. ಹೋದದ್ದು ಮತ್ತೆ ಹುಟ್ಟುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಗ್ಲಿಯಾಡಿನ್ ವಿರುದ್ಧದ ಪ್ರತಿಕಾಯ ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ಸಿಗುತ್ತದೆ. ಹಾಗಾಗಿ ಜೋಮು ಹಿಡಿದ ಪ್ರತಿಯೊಂದು ಕಾಲಿಗೂ ಗೋಧಿಯೇ ಕಾರಣವೆಂದು ಸಾರುವವರನ್ನು ನಾನು ನಂಬುವುದಿಲ್ಲ. ಆದರೆ ಸೀಲಿಯಾಕ್ ಖಚಿತವಾದವರಲ್ಲಿ ನಂಟು ಗಟ್ಟಿಯಾಗಿದೆ: ಸ್ವೀಡನ್ನಿನಲ್ಲಿ 28,000ಕ್ಕೂ ಹೆಚ್ಚು ಸೀಲಿಯಾಕ್ ರೋಗಿಗಳ ದಾಖಲೆ ನೋಡಿದಾಗ ನರಹಾನಿಯ ಅಪಾಯ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ಹಾಗಿದ್ದೂ ಬಹುಪಾಲು ಸೀಲಿಯಾಕ್ ರೋಗಿಗಳಿಗೆ ಈ ತೊಂದರೆ ಬರುವುದೇ ಇಲ್ಲ.

ಈಗ ನಿಮ್ಮ ವಾಲುವಿಕೆಗೆ ಬರೋಣ. ಅದಕ್ಕೆ ಎರಡು ಮೂಲಗಳಿರಬಹುದು. ಯಾವುದೆಂದು ತಿಳಿಯುವುದು ಮುಖ್ಯ. ಬೆಳಗ್ಗೆ ಮುಖ ತೊಳೆಯುವ ಗಳಿಗೆಯನ್ನು ನೆನಪಿಸಿಕೊಳ್ಳಿ. ಬೇಸಿನ್ ಮುಂದೆ ಬಗ್ಗಿ, ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ಮುಂದಕ್ಕೆ ಬೀಳುವಂತಾಗಿ ಕೈ ಬೇಸಿನ್ನಿನ ಅಂಚಿಗೆ ಹೋಗುತ್ತದೆಯೇ? ಕತ್ತಲ ಕೋಣೆಯಲ್ಲಿ ನೆಲ ಎಲ್ಲಿದೆಯೆಂದೇ ತಿಳಿಯದಂತಾಗುತ್ತದೆಯೇ? ಹಾಗಿದ್ದರೆ ಪಾದದಿಂದ ಸುದ್ದಿ ತರುವ ನರಗಳು ಕುಂದಿವೆ. ಇಷ್ಟು ದಿನ ಕಣ್ಣು ಆ ಕೆಲಸವನ್ನು ಗುಟ್ಟಾಗಿ ಮಾಡುತ್ತಿತ್ತು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡುವ ರೋಂಬರ್ಗ್ ಪರೀಕ್ಷೆ ಹಿಡಿಯುವುದೂ ಇದನ್ನೇ. ಬದಲಿಗೆ, ಕಣ್ಣು ತೆರೆದಿದ್ದಾಗಲೂ ಕಾಲನ್ನು ಅಗಲಿಸಿಯೇ ನಡೆಯಬೇಕಾಗುತ್ತದೆ, ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗುವುದಿಲ್ಲ, ತುಂಬಿದ ಲೋಟ ತುಟಿಗೆ ಬರುವಷ್ಟರಲ್ಲಿ ಚೆಲ್ಲುತ್ತದೆ ಎಂದಾದರೆ ಅನುಮಾನ ಕಿರುಮೆದುಳಿನ ಮೇಲೆ. ಎರಡೂ ಒಟ್ಟಿಗೆ ಇರುವುದೂ ಉಂಟು. ನಡೆದು ಪರೀಕ್ಷಿಸಿಕೊಳ್ಳುವಾಗ ಪಕ್ಕದಲ್ಲಿ ಗೋಡೆಯೂ ಒಬ್ಬ ಮನುಷ್ಯನೂ ಇರಲಿ.

ಉರಿ ಇದ್ದೂ ನರಗಳ ವಿದ್ಯುತ್ ಪರೀಕ್ಷೆ ಸರಿಯಾಗಿದೆ ಎಂದು ವರದಿ ಬಂದರೆ ‘ಎಲ್ಲ ಮನಸ್ಸಿನ ಭ್ರಮೆ’ ಎಂಬ ಮಾತಿಗೆ ಒಪ್ಪಬೇಡಿ. ಆ ಪರೀಕ್ಷೆ ದಪ್ಪ ತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ಬಿಸಿ, ತಂಪನ್ನು ಹೊರುವ ಸಣ್ಣ ತಂತುಗಳನ್ನು ನೋಡಲು ಚರ್ಮದ ಪುಟ್ಟ ಬಯಾಪ್ಸಿ ಬೇಕಾಗಬಹುದು.

ಮುಂದಿನ ಭೇಟಿಯಲ್ಲಿ ವೈದ್ಯರ ಬಳಿ ಮೊದಲು ಕೇಳಬೇಕಾದ್ದು ಟಿಟಿಜಿ ಪ್ರತಿಕಾಯದ, ಅಂದರೆ ಮೇಲೆ ಹೇಳಿದ ಎರಡನೆಯ ಬಗೆಯ ಕಿಣ್ವದ ಮೇಲಿನ ಪ್ರತಿಕಾಯದ, ಈಗಿನ ಮಟ್ಟ. ಗ್ಲುಟೆನ್ ನಿಜವಾಗಿ ನಿಂತಿದ್ದರೆ ಅದು ಆರು ತಿಂಗಳಿಂದ ಒಂದು ವರ್ಷದೊಳಗೆ ಗಣನೀಯವಾಗಿ ಇಳಿದಿರಬೇಕು. ಇಳಿಯದಿದ್ದರೆ ಎಲ್ಲಿಂದಲೋ ಒಳಗೆ ಬರುತ್ತಿದೆ. ಮಾಲ್ಟ್ ಅಂದರೆ ಬಾರ್ಲಿ ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಓಟ್ಸ್ ತನ್ನಷ್ಟಕ್ಕೆ ಬಹುತೇಕರಿಗೆ ನಿರಪಾಯವಾಗಿದ್ದರೂ ಸಾಮಾನ್ಯವಾಗಿ ಗೋಧಿಯ ಜೊತೆಗೆ ಬೆಳೆದು, ಒಂದೇ ಯಂತ್ರದಲ್ಲಿ ಹಾದು ಬಂದಿರುತ್ತದೆ. ಒಂದೇ ಜರಡಿ, ಒಂದೇ ಕರಿಯುವ ಎಣ್ಣೆ ಸಾಕು. ಗ್ಲುಟೆನ್ ಮುಕ್ತ ಎಂದು ಬರೆಯಲು ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ಅಂಥ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಗ್ಲುಟೆನ್ 10 ಮಿಲಿಗ್ರಾಂ ದಾಟುವುದಿಲ್ಲ. ದಿನವೂ 50 ಮಿಲಿಗ್ರಾಂ ಕೊಟ್ಟು ಮೂರು ತಿಂಗಳು ನೋಡಿದ ಪ್ರಯೋಗದಲ್ಲಿ ಕರುಳು ಕೆಟ್ಟಿತ್ತು. ಒಂದು ತುಂಡು ಗೋಧಿ ಬ್ರೆಡ್‌ನಲ್ಲಿ ಸುಮಾರು ಎರಡು ಗ್ರಾಂ, ಅಂದರೆ ಇದರ ನಲವತ್ತು ಪಟ್ಟು ಗ್ಲುಟೆನ್ ಇರುತ್ತದೆ. ‘ವಾರಕ್ಕೊಮ್ಮೆ ತುಸು ತಿಂದರೆ ಏನಾಗುತ್ತದೆ’ ಎಂಬ ಪ್ರಶ್ನೆಗೂ ಉತ್ತರ ಈ ಲೆಕ್ಕದಲ್ಲೇ ಇದೆ. ಹೊಟ್ಟೆ ಸುಮ್ಮನಿದೆಯಲ್ಲ ಎಂಬುದು ಸಮಾಧಾನವಲ್ಲ. ನಿಮ್ಮ ವಿಷಯದಲ್ಲಿ ಈಗ ಹೊಟ್ಟೆ ನಂಬಬಹುದಾದ ಸಾಕ್ಷಿಯೇ ಅಲ್ಲ.

ಎರಡನೆಯದು ಕೊರತೆಗಳು. ಬಿ12, ಫೋಲೇಟ್, ಥಯಾಮಿನ್, ವಿಟಮಿನ್ ಇ, ತಾಮ್ರ ಇವುಗಳಲ್ಲಿ ಯಾವುದು ತಗ್ಗಿದರೂ ಇದೇ ಬಗೆಯ ಜೋಮು, ಇದೇ ಬಗೆಯ ತೂರಾಟ ಬರಬಹುದು. ಬಿ12 ಬಹುಮಂದಿಗೆ ಗೊತ್ತು, ತಾಮ್ರವನ್ನು ಯಾರೂ ನೆನೆಯುವುದಿಲ್ಲ. ಇಲ್ಲೊಂದು ವಿಪರ್ಯಾಸವಿದೆ. ನರಕ್ಕೆ ಒಳ್ಳೆಯದೆಂದು ನುಂಗುವ ಮಾತ್ರೆಗಳಲ್ಲಿ ಬಿ6 ಇರುತ್ತದೆ. ಅದು ದೀರ್ಘಕಾಲ ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಸತುವಿನ ಮಾತ್ರೆ ಅತಿಯಾದರೆ ತಾಮ್ರ ಇಳಿಯುತ್ತದೆ. ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಪರೀಕ್ಷೆಯೂ ಬೇಕು. ಟೈಪ್ 1 ಮಧುಮೇಹ ಮತ್ತು ಥೈರಾಯ್ಡ್ ಗ್ರಂಥಿಯ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುವ ಕಾಯಿಲೆಗಳು ಸೀಲಿಯಾಕ್‌ನ ಜೊತೆಗೆ ಬರುವುದು ಹೆಚ್ಚು.

ತಲೆಯ ಮಂಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಲ್ಲಿ ಬೇಗ ತಿಳಿಯಾಗುವುದು ಸಾಮಾನ್ಯವಾಗಿ ಅದೇ. ಹೊಸದಾಗಿ ಸೀಲಿಯಾಕ್ ಪತ್ತೆಯಾದ 11 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದ ಪುಟ್ಟ ಅಧ್ಯಯನದಲ್ಲಿ, ಕರುಳು ಮಾಗಿದಂತೆಲ್ಲ ಗಮನ ಮತ್ತು ನೆನಪಿನ ಪರೀಕ್ಷೆಗಳ ಫಲಿತಾಂಶವೂ ಸುಧಾರಿಸಿತ್ತು. ರಕ್ತಹೀನತೆ ಮತ್ತು ನಿದ್ದೆಗೇಡು ಇದ್ದರೆ ಅವನ್ನು ಬೇರೆಯಾಗಿಯೇ ಸರಿಪಡಿಸಬೇಕು.

ಅಲ್ಲಿಯವರೆಗೆ ದಿನ ದೂಡುವುದು ಹೇಗೆ? ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ, ಕಾಲಿಗೆ ಸಿಗುವ ಚಾಪೆಗಳು ಹೋಗಲಿ, ಸ್ನಾನಕ್ಕೆ ಕೂರಲು ಸ್ಟೂಲ್ ಇರಲಿ. ಬಿಸಿನೀರನ್ನು ಪಾದದಿಂದ ಅಲ್ಲ, ಮೊಣಕೈಯಿಂದ ನೋಡಿ; ಪಾದ ಸುಳ್ಳು ಹೇಳುತ್ತದೆ. ಚಪ್ಪಲಿ ಬಿಚ್ಚಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ಗಾಯವಾದದ್ದು ತಿಳಿಯದೇ ಇರಬಹುದು. ಸಮತೋಲನದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತು ದಿನವೂ ಮಾಡಬೇಕು, ಏಕೆಂದರೆ ಸತ್ತ ಕೋಶ ಮರಳದಿದ್ದರೂ ಉಳಿದವು ಹೊಸ ಕೆಲಸ ಕಲಿಯುತ್ತವೆ. ಮದ್ಯ ಕಿರುಮೆದುಳಿಗೂ ನರಕ್ಕೂ ನೇರ ಹೊಡೆತ, ಅದನ್ನು ಬಿಡಿ. ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಮೊದಲಾದ ಔಷಧಗಳು ಕೆಲಸ ಮಾಡುತ್ತವೆ, ಆದರೆ ತೂಕಡಿಕೆ, ತಲೆಸುತ್ತು ತರುತ್ತವೆ. ಮೊದಲೇ ವಾಲುವವರಿಗೆ ಇವನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಬೇಕು. ಔಷಧ ಶುರುವಾದ ಮೇಲೆ ಆಯ ಹೆಚ್ಚು ತಪ್ಪುತ್ತಿದ್ದರೆ ಕಾಯಿಲೆ ಉಲ್ಬಣಿಸಿತೆಂದು ಗಾಬರಿಯಾಗದೆ ವೈದ್ಯರಿಗೆ ತಿಳಿಸಿ.

ಒಂದು ಎಚ್ಚರಿಕೆ: ಗ್ಲುಟೆನ್ ತರುವ ನರದ ತೊಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಹರಡುತ್ತದೆ. ಥಟ್ಟನೆ ಒಂದು ಪಕ್ಕದ ಕೈಕಾಲು ಸೋತರೆ, ಮಾತು ತೊದಲಿದರೆ, ಮೂತ್ರದ ಹಿಡಿತ ತಪ್ಪಿದರೆ, ದೌರ್ಬಲ್ಯ ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲೇರಿದರೆ ಆಹಾರದ ಡೈರಿ ತೆರೆದು ಕೂರಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.

ಎಷ್ಟು ಸುಧಾರಿಸಬಹುದು? ಬೇಗ ಶುರು ಮಾಡಿದವರಿಗೆ ಹೆಚ್ಚು, ವರ್ಷಗಟ್ಟಲೆ ತಡವಾದವರಿಗೆ ಕಡಿಮೆ. ಇನ್ನೂ ಕೆಡದೆ ಅಲ್ಲಿಗೇ ನಿಂತರೂ ಚಿಕಿತ್ಸೆ ಗೆದ್ದಂತೆಯೇ ನಾನು ಎಣಿಸುತ್ತೇನೆ. ಗ್ಲುಟೆನ್ ಬಿಡದೇ ಇದ್ದಿದ್ದರೆ ಈ ಎಂಟು ತಿಂಗಳು ಇಳಿಜಾರಿನಲ್ಲಿ ಕಳೆಯುತ್ತಿದ್ದವು. ದಿನದಿನದ ಏರಿಳಿತ ನೋಡಿದರೆ ಏನೂ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ, ಒಂದೇ ತಾರೀಕಿಗೆ, ಜೋಮು ಕಾಲಿನ ಎಲ್ಲಿಯವರೆಗೆ ಬಂದಿದೆ, ಗೋಡೆ ಮುಟ್ಟದೆ ಎಷ್ಟು ಹೆಜ್ಜೆ ಇಟ್ಟಿರಿ ಎಂದು ಬರೆದಿಡಿ. ಕಣಕಾಲಿನಲ್ಲಿದ್ದ ಗೆರೆ ಬೆರಳಿನ ಬುಡಕ್ಕೆ ಇಳಿದಿದ್ದರೆ ಪಾದ ಇನ್ನೂ ಉರಿಯುತ್ತಿದ್ದರೂ ನೀವು ಮುಂದೆ ಸಾಗಿದ್ದೀರಿ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಈ ಕಾಯಿಲೆ ಇರುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತು. ಸಾಮಾನ್ಯ ಜನರಲ್ಲಿ ಸುಮಾರು ಒಂದು. ಅವರಿಗೂ ಟಿಟಿಜಿ ಮತ್ತು ಒಟ್ಟು ಐಜಿಎ (ಟಿಟಿಜಿ ಪರೀಕ್ಷೆ ಹುಡುಕುವ ಪ್ರತಿಕಾಯದ ಬಗೆ) ರಕ್ತ ಪರೀಕ್ಷೆ ಆಗಬೇಕು. ಐಜಿಎ ಕೊರತೆ ಇರುವವರಲ್ಲಿ ಕಾಯಿಲೆ ಇದ್ದೂ ಟಿಟಿಜಿ ಇಲ್ಲವೆಂದು ತೋರಬಹುದು, ಅದಕ್ಕಾಗಿ ಎರಡೂ ಬೇಕು. ಗ್ಲುಟೆನ್ ಬಿಟ್ಟವರ ರಕ್ತದಲ್ಲಿ ಪ್ರತಿಕಾಯ ಇಳಿದುಹೋಗಿರುತ್ತದೆ. ನಿಮ್ಮ ಮೇಲಿನ ಅಕ್ಕರೆಯಿಂದ ಮನೆಮಂದಿಯೆಲ್ಲ ಗೋಧಿ ಬಿಡುವ ಯೋಚನೆಯಲ್ಲಿದ್ದರೆ, ಅದಕ್ಕೆ ಮೊದಲು ಎಲ್ಲರೂ ಒಮ್ಮೆ ರಕ್ತ ಕೊಟ್ಟು ಬರಲಿ.