ನೆಲದೊಳಗಿನ ಗುಡಾಣ ಮತ್ತು 'ಏನೂ ಹಾಕದ' ವೈನ್

ಜಾರ್ಜಿಯಾ ದೇಶದ ಕಾಖೇತಿಯಲ್ಲಿ ಮನೆಮಂದಿಯೇ ನಡೆಸುವ ಸಣ್ಣ ವೈನರಿಗೆ ಹೋದರೆ ಮೊದಲಿಗೆ ನೋಡೋಕೆ ಏನೂ ಸಿಗುವುದಿಲ್ಲ. ಸಾಲಾಗಿ ಜೋಡಿಸಿದ ಓಕ್ ಪೀಪಾಯಿ ಇಲ್ಲ, ಫಳಫಳ ಹೊಳೆಯುವ ಸ್ಟೀಲ್ ಟ್ಯಾಂಕ್ ಇಲ್ಲ. ಮನೆ ಪಕ್ಕದಲ್ಲೊಂದು ಕೊಟ್ಟಿಗೆಯಂಥ ಕಟ್ಟಡ, ಅದಕ್ಕೆ ಮರಾನಿ ಅನ್ನುತ್ತಾರೆ. ಒಳಗೆ ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಬಾಯಿಗಳು, ಮೇಲೆ ಕಲ್ಲಿನ ಮುಚ್ಚಳ, ಅಂಚಿಗೆ ಮೆತ್ತಿದ ಮಣ್ಣು. ಅಷ್ಟೇ. ವೈನೆಲ್ಲ ಕಾಲ ಕೆಳಗಿದೆ.

ಹೂತಿಟ್ಟಿರುವ ಈ ಗುಡಾಣದ ಹೆಸರು ಕ್ವೆವ್ರಿ. ಮೊಟ್ಟೆಯ ಆಕಾರ, ತಳ ಚೂಪು. ನೆಲದ ಮೇಲೆ ಇಟ್ಟರೆ ನಿಲ್ಲುವುದೇ ಇಲ್ಲ. ಸಾವಿರ, ಎರಡು ಸಾವಿರ ಲೀಟರ್ ಹಿಡಿಯುವಂಥವೂ ಇವೆ, ಅಂದರೆ ಒಬ್ಬ ಮನುಷ್ಯ ಒಳಗೆ ಇಳಿಯಬಹುದು. ಕುಂಬಾರರು ಇದನ್ನು ತಿಗರಿಯ ಮೇಲೆ ತಿರುಗಿಸುವುದಿಲ್ಲ, ಮಣ್ಣಿನ ಪಟ್ಟಿಯನ್ನು ಸುತ್ತಿನ ಮೇಲೆ ಸುತ್ತು ಏರಿಸಿ, ಒಂದು ಸುತ್ತು ಬಿಗಿಯಾದ ಮೇಲೆ ಮುಂದಿನದು ಅಂತ ವಾರಗಟ್ಟಲೆ ಕಟ್ಟುತ್ತಾರೆ. ಸುಟ್ಟ ಮೇಲೆ, ಇನ್ನೂ ಬಿಸಿ ಇರುವಾಗಲೇ ಒಳಮೈಗೆ ಜೇನುಮೇಣ ಸವರುತ್ತಾರೆ. ಈ ವೈನ್ ಮಾಡುವ ವಿಧಾನವನ್ನು 2013ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಅಲ್ಲಿಂದೀಚೆಗೆ ಪ್ರವಾಸಿಗರೂ ಜಾಸ್ತಿ.

ಮನೆಯ ಯಜಮಾನ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: 'ದ್ರಾಕ್ಷಿ ಬಿಟ್ಟು ನಾವು ಏನೂ ಹಾಕಲ್ಲ.' ಅದು ನಿಜವೇ. ಪ್ಯಾಕೆಟ್ ಯೀಸ್ಟ್ ಇಲ್ಲ, ಸಕ್ಕರೆ ಇಲ್ಲ, ಫಿಲ್ಟರ್ ಇಲ್ಲ, ವೈನ್ ಕೆಡದಂತೆ ಹಾಕುವ ಸಲ್ಫೈಟ್ ಇಲ್ಲ, ಇದ್ದರೂ ಚೂರೇ ಚೂರು. ಆದರೆ 'ಏನೂ ಹಾಕಲ್ಲ' ಅಂದಿದ್ದನ್ನು ನಾವು 'ಏನೂ ಮಾಡಲ್ಲ' ಅಂತ ಕೇಳಿಸಿಕೊಳ್ಳುತ್ತೇವೆ. ಸುಮ್ನೆ ದ್ರಾಕ್ಷಿ ತುಂಬಿ ಮುಚ್ಚಿಟ್ಟರೆ ಸಿಗುವುದು ವೈನಲ್ಲ, ವಿನೆಗರ್.

ರುಚಿ ನೋಡೋಕೆ ವೈನ್ ಮೇಲೆತ್ತುವುದು ಒಣಗಿದ ಸೋರೆಬುರುಡೆಗೆ ಉದ್ದ ಹಿಡಿ ಕಟ್ಟಿದ ಸೌಟಿನಲ್ಲಿ. ಗ್ಲಾಸಿಗೆ ಬಿದ್ದದ್ದು ಬಿಳಿ ದ್ರಾಕ್ಷಿಯ ವೈನ್, ಕಾಖೇತಿಯ ಮುಖ್ಯ ತಳಿ ರ್ಕತ್ಸಿತೆಲಿಯದು. ಆದರೆ ಬಣ್ಣ ಬಿಳಿಯಲ್ಲ, ತೆಳು ಹಳದಿಯೂ ಅಲ್ಲ. ಗಾಢವಾದ ಜೇನಿನ ಬಣ್ಣ. ಮೂಗಿಗೆ ಕಿತ್ತಳೆ ಸಿಪ್ಪೆ, ಒಣಗಿದ ಏಪ್ರಿಕಾಟ್, ಸ್ವಲ್ಪ ಅಕ್ರೂಟು. ಗುಟುಕು ಒಳಗೆ ಹೋದ ತಕ್ಷಣ ಒಗರು, ನಾಲಿಗೆ ಒಣಗಿ ಒಸಡಿಗೆ ಅಂಟಿಕೊಂಡ ಹಾಗೆ. ಬಿಳಿ ವೈನಿನಲ್ಲಿ ಇದನ್ನು ಯಾರೂ ನಿರೀಕ್ಷಿಸುವುದಿಲ್ಲ.

ಸಾಮಾನ್ಯವಾಗಿ ಬಿಳಿ ವೈನ್ ಮಾಡುವಾಗ ದ್ರಾಕ್ಷಿ ಹಿಂಡಿ, ಸಿಪ್ಪೆ ಬೀಜ ಎಲ್ಲ ತೆಗೆದು, ಬರೀ ರಸವನ್ನು ಹುದುಗಲು ಬಿಡುತ್ತಾರೆ. ಕಾಖೇತಿಯಲ್ಲಿ ರಸದ ಜೊತೆ ಸಿಪ್ಪೆ, ಬೀಜ, ಎಷ್ಟೋ ಸಲ ತೊಟ್ಟು ಸಮೇತ ಇಡೀ ಹಿಪ್ಪೆ ಗುಡಾಣಕ್ಕೆ ಹೋಗುತ್ತದೆ. ಶರತ್ಕಾಲದಲ್ಲಿ ತುಂಬಿದ್ದು ವಸಂತದವರೆಗೆ, ಐದಾರು ತಿಂಗಳು ಹಾಗೇ ಇರುತ್ತದೆ. ಸಿಪ್ಪೆಯಲ್ಲಿ, ಬೀಜದಲ್ಲಿ ಇರುವ ಟ್ಯಾನಿನ್ ಮತ್ತು ಅದರ ಸಂಬಂಧಿಕರಾದ ಪಾಲಿಫಿನಾಲ್‌ಗಳು ನಿಧಾನವಾಗಿ ವೈನಿಗೆ ಇಳಿಯುತ್ತವೆ, ಮಾಮೂಲಿ ಬಿಳಿ ವೈನಿಗಿಂತ ಹಲವು ಪಟ್ಟು. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಬಾಯಿಯ ಜಾರುವಿಕೆ ಹೋಗುತ್ತದೆ. ಒಗರು ಅಂದರೆ ಅದೇ, ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಇದೇ ಪಾಲಿಫಿನಾಲ್‌ಗಳು ಆಮ್ಲಜನಕವನ್ನೂ ಹೀರಿಕೊಂಡು ವೈನ್ ಬೇಗ ಕೆಡದಂತೆ ನೋಡಿಕೊಳ್ಳುತ್ತವೆ. ಅಂದರೆ ಬೇರೆಯವರು ಸಲ್ಫೈಟ್ ಹಾಕಿ ಮಾಡಿಸುವ ಕೆಲಸದ ಒಂದು ಪಾಲನ್ನು ಇಲ್ಲಿ ಸಿಪ್ಪೆಯೇ ಮಾಡುತ್ತಿದೆ.

ಹಾಗಾದರೆ ಯೀಸ್ಟ್ ಎಲ್ಲಿಂದ ಬಂತು? ದ್ರಾಕ್ಷಿಯ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಅಂತ ತುಂಬಾ ಜನ ಹೇಳುತ್ತಾರೆ. ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೂ ಅದನ್ನು ನೋಡಿರುತ್ತೀರಿ, ಅಲ್ಲಿ ಅದನ್ನು ಔಷಧಿ ಅಂತ ಉಜ್ಜಿ ತೊಳೆಯುತ್ತಾರೆ. ಎರಡೂ ಅಲ್ಲ. ಅದು ಹಣ್ಣೇ ಸುರಿಸಿಕೊಂಡ ಮೇಣ. ಆ ಮೇಣದ ಮೇಲೆ ಸೂಕ್ಷ್ಮಜೀವಿಗಳು ಕೂತಿರುತ್ತವೆ ನಿಜ, ಆದರೆ ವೈನಿನ ಮುಖ್ಯ ಯೀಸ್ಟಾದ ಸ್ಯಾಕರೋಮೈಸಿಸ್ ಸೆರೆವಿಸಿಯೆ ಗಾಯವಾಗದ ಹಣ್ಣಿನ ಮೇಲೆ ಸಿಗುವುದು ಬಲು ಅಪರೂಪ. ಚಳಿಗಾಲದಲ್ಲಿ ಅದು ಎಲ್ಲಿರುತ್ತದೆ ಅನ್ನೋದಕ್ಕೆ 2012ರಲ್ಲಿ ಇಟಲಿಯ ಸಂಶೋಧಕರು ಒಂದು ಒಳ್ಳೆಯ ಉತ್ತರ ಕೊಟ್ಟರು: ಕಣಜದ ಹುಳುಗಳ ಹೊಟ್ಟೆಯಲ್ಲಿ. ರಾಣಿ ಹುಳು ಚಳಿಗಾಲ ಕಳೆಯುವಾಗ ಯೀಸ್ಟೂ ಅದರ ಕರುಳಲ್ಲೇ ಉಳಿಯುತ್ತದೆ, ಮರಿಗಳಿಗೆ ದಾಟುತ್ತದೆ, ಮುಂದಿನ ಸುಗ್ಗಿಯಲ್ಲಿ ಹುಳು ಕಚ್ಚಿದ ಹಣ್ಣಿಗೆ ಹೋಗುತ್ತದೆ.

ಗುಡಾಣದಲ್ಲಿ ಮೊದಲು ಎದ್ದು ಕುಣಿಯುವುದು ಬೇರೆ ಕಾಡು ಯೀಸ್ಟ್‌ಗಳು. ಆಲ್ಕೋಹಾಲ್ ಶೇ 4–5 ಆಗುತ್ತಿದ್ದ ಹಾಗೆ ಅವುಗಳಲ್ಲಿ ಬಹುಪಾಲು ಸೋತು ಹೋಗುತ್ತವೆ. ಆಮೇಲೆ ಸ್ಯಾಕರೋಮೈಸಿಸ್ ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ಈ ದಿನಗಳಲ್ಲಿ ಮನೆಯವರಿಗೆ ಬಿಡುವಿಲ್ಲ. ಗಾಳಿಗುಳ್ಳೆ ಹಿಪ್ಪೆಯನ್ನು ಮೇಲಕ್ಕೆ ತಳ್ಳಿ ದಪ್ಪ ಪದರ ಮಾಡುತ್ತದೆ, ಅದನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಕೆಳಗೆ ಅದುಮಬೇಕು. ಬಿಟ್ಟರೆ ಮೇಲ್ಪದರಕ್ಕೆ ಗಾಳಿ ತಾಕಿ ಅಲ್ಲಿ ವಿನೆಗರ್ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಹುದುಗುವುದು ಮುಗಿದ ಮೇಲೆ ಹಿಪ್ಪೆ ತಾನಾಗಿ ಕೆಳಗಿಳಿಯುತ್ತದೆ. ಬೀಜಗಳು ಚೂಪು ತಳಕ್ಕೆ ಸೇರಿಕೊಳ್ಳುತ್ತವೆ, ಮೇಲೆ ಸಿಪ್ಪೆ ಕೂರುತ್ತದೆ, ಹೀಗಾಗಿ ಕಹಿ ಜಾಸ್ತಿ ಇರುವ ಬೀಜಕ್ಕೂ ವೈನಿಗೂ ತಾಗುವ ಜಾಗ ಕಡಿಮೆ. ಆ ಆಕಾರಕ್ಕೆ ಕಾರಣ ಕೇಳಿದರೆ ಅಲ್ಲಿನವರು ಕೊಡುವ ವಿವರಣೆ ಇದು, ನನಗೂ ಸರಿ ಅನ್ನಿಸಿತು.

ಹೂಳುವುದಕ್ಕೆ ಕಾರಣ ಇನ್ನೂ ಸರಳ. ಆಳಕ್ಕೆ ಹೋದಷ್ಟೂ ಮಣ್ಣಿನ ತಾಪಮಾನ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರಕ್ಕೆ ಬರುತ್ತದೆ. ತೆಲಾವಿ ಪಟ್ಟಣದ ಸುತ್ತ ಅದು 12–13 ಡಿಗ್ರಿ ಆಸುಪಾಸು. ಹೊರಗೆ ಹಿಮ ಬೀಳಲಿ, ಬಿಸಿಲು ಸುಡಲಿ, ಗುಡಾಣಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಕರೆಂಟ್ ಬಿಲ್ ಇಲ್ಲದ ತಂಪು ಕೋಣೆ. ಬೆಂಗಳೂರಲ್ಲಿ ಒಂದು ಕ್ವೆವ್ರಿ ಹೂತರೆ ಹೇಗೆ ಅಂತ ಕೇಳುವವರಿದ್ದಾರೆ. ಇಲ್ಲಿನ ವಾರ್ಷಿಕ ಸರಾಸರಿ 24 ಡಿಗ್ರಿ ಹತ್ತಿರ. ಆರು ತಿಂಗಳು ಆ ಬೆಚ್ಚಗಿನಲ್ಲಿ, ಸಲ್ಫೈಟ್ ಇಲ್ಲದೆ? ನಾನಂತೂ ಕುಡಿಯಲ್ಲ.

ಇನ್ನು ಯಾರೂ ಫೋಟೋ ತೆಗೆಯದ ಕೆಲಸ, ತೊಳೆಯೋದು. ವೈನ್ ಖಾಲಿಯಾದ ಮೇಲೆ ಮಣ್ಣಿನ ಸಣ್ಣ ರಂಧ್ರದಲ್ಲೆಲ್ಲ ಸೂಕ್ಷ್ಮಜೀವಿಗಳು ಉಳಿದಿರುತ್ತವೆ. ಸ್ಟೀಲ್ ಆದರೆ ಹಬೆ ಬಿಟ್ಟು ಮುಗಿಸಬಹುದು, ಮಣ್ಣಿಗೆ ಉಜ್ಜಲೇಬೇಕು. ಚೆರ್ರಿ ಮರದ ತೊಗಟೆಯನ್ನು ಪದರ ಪದರವಾಗಿ ಜೋಡಿಸಿ ಕೋಲಿನ ತುದಿಗೆ ಕಟ್ಟಿದ ಉಜ್ಜುಗ ಅವರದು. ಬಿಸಿನೀರು, ಸುಣ್ಣದ ನೀರು, ಮತ್ತೆ ನೀರು, ಹೊರಗೆ ಬರುವ ನೀರು ತಿಳಿಯಾಗುವವರೆಗೆ, ಕೊನೆಗೆ ಗಂಧಕದ ಹೊಗೆ. ದೊಡ್ಡದಾದರೆ ಒಳಗೇ ಇಳಿಯಬೇಕು, ಅಪಾಯ ಇರುವುದು ಅಲ್ಲೇ. ಸಿಹಿಯಾದ ಒಂದು ಲೀಟರ್ ದ್ರಾಕ್ಷಿ ರಸ ಪೂರ್ತಿ ಹುದುಗಿದರೆ 50 ಲೀಟರ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಂತುಬಿಡುತ್ತದೆ. ನಮ್ಮಲ್ಲಿ ಪಾಳು ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರಲ್ಲ, ಆ ಭಯವೇ ಇಲ್ಲೂ. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಒಳಗೆ ಸುರಕ್ಷಿತ ಅಂತಲೂ ಅಲ್ಲ.

ಪದ್ಧತಿ ಎಷ್ಟು ಹಳೆಯದು ಅಂತ ಕೇಳಿದರೆ ಪ್ರತಿ ಮನೆಯಲ್ಲೂ 'ಎಂಟು ಸಾವಿರ ವರ್ಷ' ಅನ್ನುತ್ತಾರೆ. ಇದು ಬರೀ ಜಂಭವಲ್ಲ. ರಾಜಧಾನಿ ಟಿಬಿಲಿಸಿಯಿಂದ ದಕ್ಷಿಣಕ್ಕೆ 50 ಕಿ.ಮೀ. ದೂರದ ಹಳೆಯ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಪರೀಕ್ಷಿಸಿ, ಕ್ರಿ.ಪೂ. 6000–5800ರ ಹೊತ್ತಿಗೇ ಅಲ್ಲಿ ದ್ರಾಕ್ಷಿ ವೈನ್ ಇತ್ತು ಅಂತ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಮಡಕೆಗಳು ಇವತ್ತಿನ ಕ್ವೆವ್ರಿಯಲ್ಲ, ಅದಕ್ಕಿಂತ ಚಿಕ್ಕವು. ಸುಳಿವು ಕೊಟ್ಟದ್ದು ಮುಖ್ಯವಾಗಿ ಮಣ್ಣಿನಲ್ಲಿ ಹೀರಿಕೊಂಡಿದ್ದ ಟಾರ್ಟಾರಿಕ್ ಆಮ್ಲ. ಆ ಸೀಮೆಯಲ್ಲಿ ಅಷ್ಟು ಟಾರ್ಟಾರಿಕ್ ಆಮ್ಲ ಇರುವ ಹಣ್ಣು ಅಂದರೆ ದ್ರಾಕ್ಷಿಯೇ. ನಮ್ಮ ಕಡೆ ಈ ಲೆಕ್ಕ ನಡೆಯಲ್ಲ. ಹುಣಸೆಯ ಹುಳಿಯೂ ಟಾರ್ಟಾರಿಕ್ ಆಮ್ಲವೇ. ಕರ್ನಾಟಕದಲ್ಲಿ ಅಗೆದಾಗ ಅಂಥ ಮಡಕೆ ಸಿಕ್ಕಿದರೆ ಅದರಲ್ಲಿದ್ದದ್ದು ವೈನೋ ಸಾರೋ ಅಂತ ಜಗಳ ಶುರುವಾಗುತ್ತದೆ.

ಆ ಆಮ್ಲವನ್ನು ಕಣ್ಣಾರೆ ನೋಡಲೂಬಹುದು. ಬಾಟಲಿಯ ತಳದಲ್ಲಿ, ಬಿರಡೆಯ ಅಡಿಯಲ್ಲಿ ಗಾಜಿನ ಪುಡಿಯಂಥ ಹರಳುಗಳಿರುತ್ತವೆ. ದೊಡ್ಡ ಕಂಪನಿಗಳು ವೈನನ್ನು ಮೊದಲೇ ತಣ್ಣಗೆ ಮಾಡಿ ಇವನ್ನು ತೆಗೆದುಬಿಡುತ್ತವೆ, ಗಿರಾಕಿ ಹೆದರುತ್ತಾನೆ ಅಂತ. ಮನೆ ವೈನರಿಯಲ್ಲಿ ಹಾಗೇ ಬಿಟ್ಟಿರುತ್ತಾರೆ. ಒಂದು ಹರಳನ್ನು ನಾಲಿಗೆ ಮೇಲಿಟ್ಟು ಕಚ್ಚಿದರೆ ಕರಕರ ಅಂದು ಹುಳಿಯಾಗಿ ಕರಗುತ್ತದೆ.

'ನಮ್ಮ ವೈನಲ್ಲಿ ಸಲ್ಫೈಟ್ ಇಲ್ಲ, ತಲೆನೋವೂ ಬರಲ್ಲ' ಅನ್ನುವ ಮಾತೂ ಕೇಳಿಬರುತ್ತದೆ. ಇದನ್ನು ನಂಬಬೇಡಿ. ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಮಾಡುತ್ತದೆ, ಹಾಗಾಗಿ ಪೂರ್ತಿ ಸೊನ್ನೆ ಅನ್ನೋದು ಕಷ್ಟ. ಒಳಗಿನ ಆಲ್ಕೋಹಾಲ್ ಅಂತೂ ಅದೇ ಶೇ 12–13ರ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಿಂದ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ, ಗುಡಾಣದ್ದಕ್ಕೆ ರಿಯಾಯಿತಿ ಕೊಟ್ಟಿಲ್ಲ.

ಸಲ್ಫೈಟ್ ಹಾಕದೇ ಇದ್ದರೆ ನಿಜವಾಗಿ ಬರುವ ತೊಂದರೆ ಬೇರೆ, ಅದು ರುಚಿ ನೋಡುವಾಗ ಗೊತ್ತಾಗುವ ರೀತಿಯೂ ವಿಚಿತ್ರ. ಗ್ಲಾಸು ಮೂಗಿಗೆ ಹಿಡಿದರೆ ಘಮ ಚೆನ್ನಾಗಿರುತ್ತದೆ, ಗುಟುಕೂ ಚೆನ್ನಾಗಿರುತ್ತದೆ. ನುಂಗಿ ಸ್ವಲ್ಪ ಹೊತ್ತಾದ ಮೇಲೆ ಗಂಟಲ ಹಿಂದಿನಿಂದ ಇಲಿ ಗೂಡಿನ ವಾಸನೆ ಎದ್ದು ಬರುತ್ತದೆ. ಕೆಲವು ಬ್ಯಾಕ್ಟೀರಿಯಾ, ಕೆಲವು ಯೀಸ್ಟ್ ಮಾಡುವ ಸಂಯುಕ್ತಗಳು ಇದಕ್ಕೆ ಕಾರಣ. ಹುಳಿ ಅಳೆಯುವ ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ; ವೈನಿನ ಪಿಎಚ್ 3ರಿಂದ 4ರ ನಡುವೆ, ಆ ಹುಳಿಯಲ್ಲಿ ಅವು ಹಾರುವುದಿಲ್ಲ, ಹಾಗಾಗಿ ಮೂಗಿಗೆ ಸಿಗುವುದಿಲ್ಲ. ಜೊಲ್ಲಿನ ಪಿಎಚ್ 7ರ ಹತ್ತಿರ. ಬಾಯಲ್ಲಿ ಹುಳಿ ಇಳಿದ ಮೇಲೆ ಅವುಗಳಿಗೆ ರೆಕ್ಕೆ ಬರುತ್ತದೆ. ಜೊಲ್ಲು ಒಬ್ಬೊಬ್ಬರದು ಒಂದೊಂದು ಥರ, ಆದ್ದರಿಂದ ಒಂದೇ ಬಾಟಲಿ ಕುಡಿದ ಇಬ್ಬರಲ್ಲಿ ಒಬ್ಬರು ಮುಖ ಹಿಂಡಿದರೆ ಇನ್ನೊಬ್ಬರು ಇನ್ನೊಂದು ಗ್ಲಾಸು ಕೇಳುತ್ತಾರೆ. ನಮ್ಮ ಗುಂಪಿನಲ್ಲೂ ಹಾಗೇ ಆಯಿತು. ಯಜಮಾನನ ತಾಯಿ ಒಂದು ಗುಟುಕು ನುಂಗಿ, ಸುಮ್ಮನೆ ಕೂತು, ಆಮೇಲೆ ತಲೆ ಅಲ್ಲಾಡಿಸಿ ಆ ಬಾಟಲಿಯನ್ನು ಮೇಜಿನಿಂದ ತೆಗೆದುಕೊಂಡು ಹೋದರು. ಮಗನಿಗೆ ಅದರಲ್ಲಿ ಏನೂ ಗೊತ್ತಾಗಿರಲಿಲ್ಲವಂತೆ. ಯಾವ ಗುಡಾಣ ತುಂಬಬಹುದು, ಯಾವುದನ್ನು ಇನ್ನೊಮ್ಮೆ ಉಜ್ಜಬೇಕು ಅನ್ನೋದನ್ನು ಆ ಮನೆಯಲ್ಲಿ ಅಮ್ಮನೇ ಹೇಳುವುದು.